ಪತ್ರಿಕೆಗಳು ಮೋಸಹೋಗಲಿಲ್ಲ

ಇರಾಕ್ ಯುದ್ಧದ ಮಾತು ಬಂದಾಗಲೆಲ್ಲ ಅಮೆರಿಕದ ಪತ್ರಿಕಾರಂಗದ ಹಿರಿಯರ ಬಳಿ ಒಂದು ಸಿದ್ಧ ಉತ್ತರವಿದೆ. ಸದ್ದಾಂ ಹುಸೇನ್ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಅಂದು ಎಲ್ಲರೂ ನಂಬಿದ್ದರು. ಸರ್ಕಾರಕ್ಕೇ ತಪ್ಪು ಗುಪ್ತಚರ ಮಾಹಿತಿ ಸಿಕ್ಕಿತ್ತು. ಹಾಗಿರುವಾಗ ವರದಿಗಾರ ಮಾತ್ರ ಬೇರೆ ಏನು ಬರೆಯಬಹುದಿತ್ತು? ಎಲ್ಲರ ಜೊತೆ ನಾವೂ ಮೋಸಹೋದೆವು, ಆಮೇಲೆ ತಿದ್ದಿಕೊಂಡೆವು ಎನ್ನುತ್ತಾರೆ. ಇದನ್ನು ಒಪ್ಪದ ಎಡಪಂಥೀಯ ವಿಮರ್ಶಕರಿಗೆ ಎಲ್ಲೆಲ್ಲೂ ಪಿತೂರಿ ಕಾಣುವವರೆಂಬ ಹಣೆಪಟ್ಟಿ ಹಚ್ಚುತ್ತಾರೆ. ನಮ್ಮಲ್ಲೂ ಓದಿಕೊಂಡ ಬಹಳ ಮಂದಿ ಈ ವಿವರಣೆಯನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ.

ನಾನು ಒಪ್ಪುವುದಿಲ್ಲ. ಪತ್ರಿಕೆಗಳು ಮೋಸಹೋಗಲಿಲ್ಲ. ಯುದ್ಧ ಶುರುವಾಗುವ ಮುಂಚೆಯೇ ಸತ್ಯ ಅವರ ಕೈಗೆ ಬಂದಿತ್ತು, ಬಹಳಷ್ಟು ಅಚ್ಚೂ ಆಗಿತ್ತು. ಅದು ಯಾವ ಪುಟಕ್ಕೆ ಹೋಗಬೇಕು, ಎಷ್ಟನೇ ಪ್ಯಾರಾದಲ್ಲಿ ಬರಬೇಕು ಎಂದು ತೀರ್ಮಾನಿಸಿದವರು ಸಂಪಾದಕರು. ಆ ತೀರ್ಮಾನದ ಹಿಂದೆ ಒಂದು ರೂಢಿಯಿತ್ತು. ಆ ರೂಢಿ ಇಂದಿಗೂ ಬದಲಾಗಿಲ್ಲ ಎನ್ನುವುದೇ ನನ್ನ ತಕರಾರು.

ಅಲ್ಯೂಮಿನಿಯಂ ಕೊಳವೆಗಳ ಪ್ರಕರಣವನ್ನು ತುಸು ಹತ್ತಿರದಿಂದ ನೋಡಬೇಕು. 2002ರ ಸೆಪ್ಟೆಂಬರ್ 8ರ ಭಾನುವಾರ ‘ನ್ಯೂಯಾರ್ಕ್ ಟೈಮ್ಸ್’ನ ಮುಖಪುಟದಲ್ಲಿ ಮೈಕೆಲ್ ಗಾರ್ಡನ್ ಮತ್ತು ಜುಡಿತ್ ಮಿಲ್ಲರ್ ಅವರ ವರದಿ ಬಂತು. ಇರಾಕ್ ಅಣುಬಾಂಬಿನ ಬಿಡಿಭಾಗಗಳಿಗಾಗಿ ಹುಡುಕಾಟ ಚುರುಕುಗೊಳಿಸಿದೆ, ವಿಶೇಷವಾಗಿ ತಯಾರಿಸಿದ ಸಾವಿರಾರು ಅಲ್ಯೂಮಿನಿಯಂ ಕೊಳವೆಗಳನ್ನು ಕೊಳ್ಳಲು ಯತ್ನಿಸಿದೆ, ಅವು ಯುರೇನಿಯಂ ಸಂವರ್ಧನೆಯ ಸೆಂಟ್ರಿಫ್ಯೂಜ್‌ಗಳಿಗೆ ಬೇಕಾದವು ಎಂಬುದು ಸಾರಾಂಶ. ಹೇಳಿದವರು ಯಾರು? ಬುಷ್ ಆಡಳಿತದ ಹೆಸರಿಲ್ಲದ ಅಧಿಕಾರಿಗಳು. ಅದೇ ಬೆಳಿಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಎನ್‌ಬಿಸಿಯ ‘ಮೀಟ್ ದ ಪ್ರೆಸ್’ನಲ್ಲಿ ಕೂತು, ಆ ದಿನದ ಟೈಮ್ಸ್ ವರದಿಯನ್ನೇ ಉಲ್ಲೇಖಿಸಿ ಕೊಳವೆಗಳ ಮಾತೆತ್ತಿದರು. ಅತ್ತ ಸಿಎನ್‌ಎನ್‌ನಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೋಲೀಸಾ ರೈಸ್, ಗಟ್ಟಿ ಪುರಾವೆ ಸಿಗಲೆಂದು ಕಾಯುತ್ತ ಕೂತರೆ ಆ ಪುರಾವೆ ಅಣುಬಾಂಬಿನ ಅಣಬೆ ಮೋಡವೇ ಆಗಿಬಿಟ್ಟೀತು ಎಂದು ಜನರನ್ನು ಹೆದರಿಸಿದರು. ಸರ್ಕಾರದವರೇ ಗುಟ್ಟಾಗಿ ಪತ್ರಿಕೆಗೆ ಹೇಳುವುದು, ಪತ್ರಿಕೆ ಅದನ್ನು ತನ್ನ ಹೆಸರಿನಲ್ಲಿ ಅಚ್ಚು ಮಾಡುವುದು, ಮತ್ತೆ ಸರ್ಕಾರದವರೇ ಪತ್ರಿಕೆಯನ್ನು ಸಾಕ್ಷಿಗೆ ಕರೆಯುವುದು. ಇಷ್ಟೂ ಒಂದೇ ಬೆಳಗಿನಲ್ಲಿ ಮುಗಿಯಿತು.

ಆ ಕೊಳವೆಗಳ ವ್ಯಾಸ 81 ಮಿಲಿಮೀಟರ್. ಇರಾಕ್ ವರ್ಷಗಳಿಂದ ತನ್ನ ಫಿರಂಗಿ ದಳದ ರಾಕೆಟ್‌ಗಳಿಗೆ ಬಳಸುತ್ತಿದ್ದ ಕೊಳವೆಯ ಅಳತೆಯೂ ಅದೇ. ಸೆಂಟ್ರಿಫ್ಯೂಜ್ ಎಂದರೆ ಏನೆಂದು ಅಮೆರಿಕದಲ್ಲಿ ನಿಜವಾಗಿ ಬಲ್ಲವರು ಇಂಧನ ಇಲಾಖೆಯ ವಿಜ್ಞಾನಿಗಳು, ಅದರಲ್ಲೂ ಟೆನೆಸಿಯ ಓಕ್ ರಿಡ್ಜ್‌ನಲ್ಲಿ ಕೆಲಸ ಮಾಡಿದವರು. ಈ ಕೊಳವೆಗಳು ಆ ಕೆಲಸಕ್ಕೆ ಹೊಂದುವುದಿಲ್ಲ ಎಂದು ಅವರು 2001ರಲ್ಲೇ ಸರ್ಕಾರಕ್ಕೆ ಹೇಳಿದ್ದರು. ಮುಖಪುಟದ ವರದಿಯಲ್ಲಿ ಅವರಿರಲಿಲ್ಲ. ಐದು ದಿನಗಳ ನಂತರ ಟೈಮ್ಸ್‌ನ ಇನ್ನೊಂದು ವರದಿಯಲ್ಲಿ ಭಿನ್ನಾಭಿಪ್ರಾಯ ಇರುವುದು ನಿಜವೆಂದು ಒಪ್ಪಿದರೂ ಅದು ಒಳಪುಟದಲ್ಲಿತ್ತು, ಅಲ್ಲೂ ಹಗುರ ಮಾಡಿ ಹೇಳಿದ್ದರು. ಸೆಪ್ಟೆಂಬರ್ 19ರಂದು ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಜೋಬಿ ವಾರಿಕ್ ಈ ಪುರಾವೆಯನ್ನೇ ಪ್ರಶ್ನಿಸುವ ವರದಿ ಬರೆದರು. ಅದು ಬಂದದ್ದು 18ನೇ ಪುಟದಲ್ಲಿ. ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯ ಅಮೆರಿಕದ ಸಂಸತ್ತಿನಲ್ಲಿ ಮತಕ್ಕೆ ಬಿದ್ದದ್ದು ಅಕ್ಟೋಬರ್ ಎರಡನೇ ವಾರದಲ್ಲಿ. ಅಂದರೆ ಮತ ಹಾಕುವ ಮೂರು ವಾರ ಮೊದಲೇ ಕೊಳವೆಯ ಕಥೆ ಟೊಳ್ಳು ಎಂಬುದು ರಾಜಧಾನಿಯ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಇದನ್ನು ಮೋಸಹೋಗುವುದು ಎನ್ನುತ್ತಾರೆಯೇ?

ನೈಟ್ ರಿಡರ್ ಎಂಬ ಪತ್ರಿಕಾ ಸಮೂಹದ ಜೊನಾಥನ್ ಲ್ಯಾಂಡೇ ಮತ್ತು ವಾರೆನ್ ಸ್ಟ್ರೋಬೆಲ್ ಅಂದು ಬರೆದದ್ದನ್ನು ಈಗ ತೆಗೆದು ಓದಿದರೆ ಹೊಟ್ಟೆ ಉರಿಯುತ್ತದೆ. ಯುದ್ಧದ ಪುರಾವೆಗಳ ಬಗ್ಗೆ ಸೇನೆ, ಗುಪ್ತಚರ ಮತ್ತು ವಿದೇಶಾಂಗ ಇಲಾಖೆಗಳ ಒಳಗೇ ಆಳವಾದ ಅನುಮಾನಗಳಿವೆ ಎಂದು 2002ರ ಶರತ್ಕಾಲದಲ್ಲೇ ಅವರು ಒಂದಾದ ಮೇಲೊಂದು ವರದಿ ಮಾಡಿದರು. ಅವರ ಸಂಪಾದಕ ಜಾನ್ ವಾಲ್ಕಾಟ್ ಬೆನ್ನಿಗೆ ನಿಂತರು. ಅವರ ಸಮೂಹಕ್ಕೆ ವಾಷಿಂಗ್ಟನ್‌ನಲ್ಲಾಗಲಿ ನ್ಯೂಯಾರ್ಕ್‌ನಲ್ಲಾಗಲಿ ಪತ್ರಿಕೆ ಇರಲಿಲ್ಲ, ಹಾಗಾಗಿ ದೊಡ್ಡ ಮಂತ್ರಿಗಳು ಅವರಿಗೆ ಸುದ್ದಿ ಸೋರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಅದೇ ವರವಾಯಿತು. ಅವರು ಮೇಲಿನವರನ್ನು ಬಿಟ್ಟು ಇಲಾಖೆಯ ನಡುವಿನ ಹಂತದವರನ್ನು, ಕಡತ ಓದಿದ ವಿಶ್ಲೇಷಕರನ್ನು ಹುಡುಕಿಕೊಂಡು ಹೋದರು. ಎಲ್ಲರೂ ನಂಬಿದ್ದರು ಎನ್ನುವ ವಾದ ಇಲ್ಲೇ ಬಿದ್ದುಹೋಗುತ್ತದೆ. ಅದೇ ನಗರದಲ್ಲಿ, ಅದೇ ದಿನಗಳಲ್ಲಿ, ಟೈಮ್ಸ್‌ಗಿಂತ ಎಷ್ಟೋ ಕಡಿಮೆ ಬಲವಿದ್ದ ಒಂದು ಕಚೇರಿ ಸತ್ಯವನ್ನು ತಲುಪಿತ್ತು. ಅವರ ಸಮೂಹದ್ದೇ ಕೆಲವು ಪತ್ರಿಕೆಗಳು ಆ ವರದಿಗಳನ್ನು ಹಾಕಲು ಹಿಂಜರಿದವು. ಟೈಮ್ಸ್‌ನಲ್ಲಿ ಬಂದಿಲ್ಲ ಎನ್ನುವುದೇ ಅವುಗಳ ಅನುಮಾನಕ್ಕೆ ಸಾಕಾಗಿತ್ತು.

ಯುದ್ಧಕ್ಕೆ ಕೆಲವೇ ವಾರಗಳಿದ್ದಾಗ ‘ನ್ಯೂಸ್‌ವೀಕ್’ ಒಂದು ಪುಟ್ಟ ಸುದ್ದಿ ಹಾಕಿತು. ಸದ್ದಾಂನ ಅಳಿಯ, ಇರಾಕ್‌ನ ಅಸ್ತ್ರ ಯೋಜನೆಗಳ ಮುಖ್ಯಸ್ಥನಾಗಿದ್ದ ಹುಸೇನ್ ಕಮೆಲ್ 1995ರಲ್ಲಿ ಜೋರ್ಡನ್‌ಗೆ ಓಡಿಹೋಗಿದ್ದ. ಅವನ ಹೆಸರನ್ನು ಬುಷ್ ಆಡಳಿತ ಪದೇ ಪದೇ ಸಾಕ್ಷಿಯಾಗಿ ಬಳಸುತ್ತಿತ್ತು. ಆದರೆ ಆ ಅಸ್ತ್ರಗಳನ್ನೆಲ್ಲ ಕೊಲ್ಲಿ ಯುದ್ಧದ ನಂತರ ನಾಶಪಡಿಸಲಾಯಿತು ಎಂದೂ ಅವನೇ ವಿಶ್ವಸಂಸ್ಥೆಯ ತಪಾಸಕರಿಗೆ ಹೇಳಿದ್ದ. ಆಡಳಿತದ ಇಡೀ ವಾದವನ್ನು ಬುಡಮೇಲು ಮಾಡಬಲ್ಲ ಈ ಸಂಗತಿ ಕಿರುಸುದ್ದಿಗಳ ಅಂಕಣದಲ್ಲಿ ಬಂದು ಹೋಯಿತು. ಸಿಐಎ ಅಲ್ಲಗಳೆಯಿತು. ದೊಡ್ಡ ಪತ್ರಿಕೆಗಳು ಬೆನ್ನು ಹತ್ತಲಿಲ್ಲ. ಅವನ ಹೇಳಿಕೆಯ ವಿಶ್ವಸಂಸ್ಥೆ ದಾಖಲೆ ಬಯಲಿಗೆ ಬಂದಾಗಲೂ ಅಷ್ಟೆ.

‘ವಾಷಿಂಗ್ಟನ್ ಪೋಸ್ಟ್’ನ ವಾಲ್ಟರ್ ಪಿಂಕಸ್ ರಾಷ್ಟ್ರೀಯ ಭದ್ರತೆಯ ವಿಷಯದಲ್ಲಿ ಪಳಗಿದ ಹಿರಿಯ ವರದಿಗಾರ. ನಿಷೇಧಿತ ಅಸ್ತ್ರಗಳು ಎಷ್ಟಿವೆ, ಎಲ್ಲಿವೆ ಎಂಬ ಖಚಿತ ವಿವರ ಆಡಳಿತದ ಬಳಿ ಇಲ್ಲ ಎಂಬ ಅವರ ವರದಿ 2003ರ ಮಾರ್ಚ್ 16ರಂದು ಬಂತು. 17ನೇ ಪುಟದಲ್ಲಿ. ಬಾಗ್ದಾದ್ ಮೇಲೆ ಬಾಂಬ್ ಬಿದ್ದದ್ದು ನಾಲ್ಕು ದಿನಗಳ ನಂತರ. ಮರುವರ್ಷ ಅದೇ ಪತ್ರಿಕೆಯ ಹೊವರ್ಡ್ ಕುರ್ಟ್ಜ್ ತಮ್ಮ ಕಚೇರಿಯೊಳಗೇ ವಿಚಾರಣೆ ಮಾಡಿ ಬರೆದರು. 2002ರ ಆಗಸ್ಟ್‌ನಿಂದ ಯುದ್ಧದ ದಿನದವರೆಗೆ ಇರಾಕ್ ವಿರುದ್ಧದ ಆಡಳಿತದ ಮಾತುಗಳನ್ನೇ ಮುಖ್ಯವಾಗಿಸಿಕೊಂಡ ಸುದ್ದಿಗಳು ಮುಖಪುಟದಲ್ಲಿ 140ಕ್ಕೂ ಹೆಚ್ಚು ಬಂದಿದ್ದವು. ಹೇಗೂ ಯುದ್ಧಕ್ಕೆ ಹೋಗುತ್ತಿದ್ದೇವೆ, ಇನ್ನು ಈ ಅಡ್ಡಮಾತುಗಳ ಚಿಂತೆ ಯಾಕೆ ಎಂಬ ಮನೋಭಾವ ಸಂಪಾದಕರಲ್ಲಿತ್ತು ಎಂದು ಪೆಂಟಗನ್ ಸುದ್ದಿ ನೋಡಿಕೊಳ್ಳುತ್ತಿದ್ದ ತಾಮಸ್ ರಿಕ್ಸ್ ಅವರಿಗೆ ತಿಳಿಸಿದರು. ಇದನ್ನು ಎಡಪಂಥೀಯರು ಹೊರಗೆ ನಿಂತು ಹೊರಿಸಿದ ಆರೋಪ ಎನ್ನಲಾಗದು. ಪತ್ರಿಕೆಯ ಒಳಗಿನವರೇ ಕೊಟ್ಟ ಸಾಕ್ಷಿ ಇದು.

ಹಾಗಾದರೆ ಅಷ್ಟು ಸಮರ್ಥ ಸಂಪಾದಕರು ಹೀಗೇಕೆ ಮಾಡಿದರು? ಶ್ವೇತಭವನದಿಂದ ಯಾರೋ ಫೋನ್ ಮಾಡಿ ಆಜ್ಞೆ ಕೊಟ್ಟರು ಎಂದು ನಾನು ಹೇಳುತ್ತಿಲ್ಲ. ಅದರ ಅಗತ್ಯವೇ ಇರಲಿಲ್ಲ. ಎಡ್ವರ್ಡ್ ಹರ್ಮನ್ ಮತ್ತು ನೋಮ್ ಚಾಮ್‌ಸ್ಕಿ 1988ರಲ್ಲಿ ‘ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್’ ಬರೆದಾಗ ಒತ್ತಿ ಹೇಳಿದ್ದೂ ಇದನ್ನೇ. ಪಿತೂರಿ ಬೇಕಿಲ್ಲ. ಮಾಲೀಕತ್ವ, ಜಾಹೀರಾತು, ಅಧಿಕೃತ ಮೂಲಗಳ ಮೇಲಿನ ಅವಲಂಬನೆ ಇವೇ ಸುದ್ದಿಯನ್ನು ಸೋಸುತ್ತವೆ. ಅವರನ್ನು ಪಿತೂರಿವಾದಿಗಳೆಂದು ಕರೆಯುವವರು ಆ ಪುಸ್ತಕದ ಮುನ್ನುಡಿಯನ್ನೂ ಓದಿಲ್ಲ ಎಂದೇ ನನ್ನ ಭಾವನೆ. ಎಡಪಂಥದ ಹಂಗಿಲ್ಲದ ರಾಜ್ಯಶಾಸ್ತ್ರಜ್ಞ ಲ್ಯಾನ್ಸ್ ಬೆನೆಟ್ 1990ರಲ್ಲಿ ಇನ್ನೂ ಸರಳವಾಗಿ ತೋರಿಸಿದರು. ಅಧಿಕಾರದಲ್ಲಿರುವವರ ನಡುವೆ ಎಷ್ಟು ಜಗಳವಿದೆಯೋ ಅಷ್ಟೇ ಅಗಲದ ಚರ್ಚೆ ಪತ್ರಿಕೆಯಲ್ಲಿರುತ್ತದೆ. ಅವರು ಜಗಳ ನಿಲ್ಲಿಸಿದರೆ ಪತ್ರಿಕೆಯ ಪಾಲಿಗೆ ಪ್ರಶ್ನೆಯೇ ಮುಗಿದ ಹಾಗೆ.

2002ರ ಅಕ್ಟೋಬರ್‌ನಲ್ಲಿ ಆದದ್ದು ಇದೇ. ಪ್ರತಿನಿಧಿ ಸಭೆಯ ಡೆಮಾಕ್ರಟಿಕ್ ನಾಯಕ ರಿಚರ್ಡ್ ಗೆಪ್‌ಹಾರ್ಟ್ ಶ್ವೇತಭವನದ ತೋಟದಲ್ಲಿ ಬುಷ್ ಪಕ್ಕ ನಿಂತು ನಿರ್ಣಯಕ್ಕೆ ಬೆಂಬಲ ಸೂಚಿಸಿದರು. ಸೆನೆಟ್‌ನಲ್ಲಿ 77–23, ಪ್ರತಿನಿಧಿ ಸಭೆಯಲ್ಲಿ 296–133 ಮತಗಳಿಂದ ನಿರ್ಣಯ ಪಾಸಾಯಿತು. ಆದರೆ ಪ್ರತಿನಿಧಿ ಸಭೆಯ ಡೆಮಾಕ್ರಟರಲ್ಲಿ 126 ಮಂದಿ, ಅಂದರೆ ಪಕ್ಷದ ಅರ್ಧಕ್ಕಿಂತ ಹೆಚ್ಚು ಸದಸ್ಯರು, ವಿರುದ್ಧ ಮತ ಹಾಕಿದ್ದರು. ಅಷ್ಟು ದೊಡ್ಡ ವಿರೋಧ ಪತ್ರಿಕೆಗಳ ಕಣ್ಣಿಗೆ ವಿರೋಧವಾಗಿ ಕಾಣಲಿಲ್ಲ, ಏಕೆಂದರೆ ನಾಯಕರು ಆ ಕಡೆ ಹೋಗಿದ್ದರು. ಪಕ್ಷದ ಹಿರಿಯ ಸೆನೆಟರ್ ಎಡ್ವರ್ಡ್ ಕೆನಡಿ ಸೆಪ್ಟೆಂಬರ್ 27ರಂದು ಯುದ್ಧದ ಆತುರವನ್ನು ಖಂಡಿಸಿ ದೊಡ್ಡ ಭಾಷಣ ಮಾಡಿದಾಗ ‘ಪೋಸ್ಟ್’ ಅದಕ್ಕೆ ಕೊಟ್ಟದ್ದು ಒಂದು ವಾಕ್ಯ.

ಸೆನೆಟರನಿಗೇ ಒಂದು ವಾಕ್ಯವಾದರೆ ಬೀದಿಯ ಜನಕ್ಕೆ ಏನು ಸಿಕ್ಕೀತು? ಅಕ್ಟೋಬರ್ 26ರಂದು ವಾಷಿಂಗ್ಟನ್‌ನಲ್ಲಿ ಯುದ್ಧವಿರೋಧಿ ಮೆರವಣಿಗೆ ನಡೆಯಿತು. ಸಂಘಟಕರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಜನ ಬಂದಿದ್ದರು ಎಂದು ಟೈಮ್ಸ್ ಮರುದಿನ ಬರೆಯಿತು. ಓದುಗರು ಪ್ರತಿಭಟಿಸಿದರು. ಮೂರು ದಿನ ಬಿಟ್ಟು ಅದೇ ಪತ್ರಿಕೆ ಇನ್ನೊಂದು ವರದಿ ಹಾಕಿತು. ಪೊಲೀಸರ ಲೆಕ್ಕದಲ್ಲಿ ಒಂದು ಲಕ್ಷ, ಸಂಘಟಕರ ಲೆಕ್ಕದಲ್ಲಿ ಎರಡು ಲಕ್ಷ, ನಿರೀಕ್ಷೆ ಮೀರಿ ಜನ ಸೇರಿದ್ದರು ಎಂದಿತು. ಒಂದೇ ಪತ್ರಿಕೆ, ಒಂದೇ ಮೆರವಣಿಗೆ.

2003ರ ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮಾತನಾಡಿದರು. ಓಕ್ ರಿಡ್ಜ್‌ನವರು ತಳ್ಳಿಹಾಕಿದ್ದ ಕೊಳವೆಗಳೂ ಅವರ ಭಾಷಣದಲ್ಲಿದ್ದವು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮೊಹಮದ್ ಎಲ್‌ಬರದೈ ಅದಕ್ಕೆ ಒಂಬತ್ತು ದಿನ ಮೊದಲಷ್ಟೇ ಅದೇ ಮಂಡಳಿಗೆ ಆ ಕೊಳವೆಗಳು ರಾಕೆಟ್‌ಗೆ ಹೊಂದುತ್ತವೆ ಎಂಬ ವರದಿ ಕೊಟ್ಟಿದ್ದರು. ಆದರೂ ಮರುದಿನ ‘ಪೋಸ್ಟ್’ನ ಸಂಪಾದಕೀಯದ ತಲೆಬರಹ, ಈ ಸಾಕ್ಷ್ಯವನ್ನು ಅಲ್ಲಗಳೆಯಲು ಸಾಧ್ಯವೇ ಇಲ್ಲ ಎನ್ನುವಂತಿತ್ತು. ಆ ಭಾಷಣದ ಆಸುಪಾಸಿನ ಎರಡು ವಾರ ಅಮೆರಿಕದ ನಾಲ್ಕು ಪ್ರಮುಖ ವಾಹಿನಿಗಳ ಸಂಜೆಯ ಸುದ್ದಿಯಲ್ಲಿ ಇರಾಕ್ ಬಗ್ಗೆ ಮಾತನಾಡಿದವರನ್ನು ಫೇರ್ ಎಂಬ ಮಾಧ್ಯಮ ವಿಮರ್ಶಾ ಸಂಸ್ಥೆ ಕೂತು ಎಣಿಸಿತು. ಒಟ್ಟು 393 ಮಂದಿ. ಅವರಲ್ಲಿ ನೂರಕ್ಕೆ 76 ಮಂದಿ ಹಾಲಿ ಅಥವಾ ಮಾಜಿ ಅಧಿಕಾರಿಗಳು. ಯುದ್ಧವಿರೋಧಿ ಚಳವಳಿಯವರು ಎಷ್ಟು? ಮೂರು. ಆ ಎರಡು ವಾರ ಮುಗಿಯುತ್ತಿದ್ದ ಹಾಗೆ, ಫೆಬ್ರುವರಿ 15ರಂದು, ಲಂಡನ್, ರೋಮ್, ಮ್ಯಾಡ್ರಿಡ್, ನ್ಯೂಯಾರ್ಕ್ ಸೇರಿ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಜಗತ್ತು ಅಂಥ ಜನಸಾಗರವನ್ನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಇಷ್ಟು ಜನಕ್ಕೆ ಹೊಳೆದದ್ದು ಸಂಪಾದಕರಿಗೆ ಹೊಳೆಯಲಿಲ್ಲ ಎಂದು ನಂಬಬೇಕೆ?

ಅದೇ ತಿಂಗಳು ಎಂಎಸ್‌ಎನ್‌ಬಿಸಿ ವಾಹಿನಿ, ಯುದ್ಧವನ್ನು ಪ್ರಶ್ನಿಸುತ್ತಿದ್ದ ಫಿಲ್ ಡೊನಾಹ್ಯೂ ಅವರ ಕಾರ್ಯಕ್ರಮವನ್ನು ನಿಲ್ಲಿಸಿತು. ಆ ವಾಹಿನಿಯಲ್ಲಿ ಅತಿ ಹೆಚ್ಚು ಜನ ನೋಡುತ್ತಿದ್ದದ್ದು ಅದನ್ನೇ. ಯುದ್ಧದ ಹೊತ್ತಿನಲ್ಲಿ ಇಂಥವರು ಸಂಸ್ಥೆಯ ಮುಖವಾಗುವುದು ಕಷ್ಟ ಎಂದು ಆಡಳಿತ ವರ್ಗದ ಆಂತರಿಕ ಟಿಪ್ಪಣಿಯೊಂದು ಹೇಳಿದ್ದು ಆಮೇಲೆ ಬಯಲಾಯಿತು. ಎಂಎಸ್‌ಎನ್‌ಬಿಸಿ ಆಗ ಎನ್‌ಬಿಸಿ ಮತ್ತು ಮೈಕ್ರೋಸಾಫ್ಟ್‌ನ ಜಂಟಿ ಸಂಸ್ಥೆ. ಎನ್‌ಬಿಸಿಯ ಒಡೆತನ ಇದ್ದದ್ದು ಯುದ್ಧವಿಮಾನಗಳಿಗೆ ಎಂಜಿನ್ ಮಾಡಿಕೊಡುವ ಜನರಲ್ ಎಲೆಕ್ಟ್ರಿಕ್ ಕೈಯಲ್ಲಿ. ಪ್ರೇಕ್ಷಕರು ಕೇಳಿದ್ದನ್ನೇ ಕೊಡುತ್ತೇವೆ, ಎಲ್ಲ ಮಾರುಕಟ್ಟೆಯ ತೀರ್ಮಾನ ಎನ್ನುವವರು ಈ ಒಂದು ಪ್ರಕರಣಕ್ಕಾದರೂ ಉತ್ತರ ಕೊಡಬೇಕು.

ಬಲಪಂಥೀಯರೂ ನಮ್ಮನ್ನು ಬೈಯುತ್ತಾರೆ, ಎಡಪಂಥೀಯರೂ ಬೈಯುತ್ತಾರೆ, ಆದ್ದರಿಂದ ನಾವು ನಡುವೆ ಸರಿಯಾದ ಜಾಗದಲ್ಲಿದ್ದೇವೆ ಎನ್ನುವುದು ಸಂಪಾದಕರ ಇನ್ನೊಂದು ಸಮರ್ಥನೆ. ಇದಕ್ಕಿಂತ ಸೋಮಾರಿ ವಾದ ನನಗೆ ಗೊತ್ತಿಲ್ಲ. ಬಲಪಂಥದ ದೂರು, ಪತ್ರಿಕೆ ದೇಶಕ್ಕೆ ಸಾಕಷ್ಟು ನಿಷ್ಠೆ ತೋರುತ್ತಿಲ್ಲ ಎಂಬುದು. ಎಡದವರ ದೂರು, ಪತ್ರಿಕೆ ಅಧಿಕಾರವನ್ನು ಸಾಕಷ್ಟು ಪ್ರಶ್ನಿಸುತ್ತಿಲ್ಲ ಎಂಬುದು. ಒಂದು ವಿಧೇಯತೆಯನ್ನು ಕೇಳುತ್ತದೆ, ಇನ್ನೊಂದು ಪುರಾವೆಯನ್ನು ಕೇಳುತ್ತದೆ. ಕೊಳವೆ ರಾಕೆಟ್‌ನದೋ ಸೆಂಟ್ರಿಫ್ಯೂಜ್‌ನದೋ ಎಂಬ ಪ್ರಶ್ನೆಗೆ ನಡುವಿನ ಜಾಗ ಇಲ್ಲ. ಎಡದವರ ಟೀಕೆಯೇ ಪತ್ರಿಕೆಗಳ ಮೇಲಿನ ನಂಬಿಕೆ ಕೆಡಿಸಿ ಟ್ರಂಪ್‌ಗೆ ದಾರಿ ಮಾಡಿಕೊಟ್ಟಿತು ಎಂದೂ ಕೆಲವರು ಹೇಳುತ್ತಾರೆ. ನಂಬಿಕೆ ಕೆಡಿಸಿದ್ದು ಟೀಕೆ ಮಾಡಿದವರಲ್ಲ. ಮಕ್ಕಳನ್ನು ಯುದ್ಧಕ್ಕೆ ಕಳಿಸಿ, ಹೆಣ ತರಿಸಿಕೊಂಡು, ಆಮೇಲೆ ಅಸ್ತ್ರಗಳೇ ಇರಲಿಲ್ಲ ಎಂದು ಅದೇ ಪತ್ರಿಕೆಗಳಲ್ಲಿ ಓದಿದ ಮನೆಗಳಿಗೆ ನಂಬಿಕೆ ಉಳಿಯುವುದಾದರೂ ಹೇಗೆ? ಇರಾಕ್‌ನ ಮನೆಗಳ ಮಾತಂತೂ ಬೇರೆಯೇ, ಅಲ್ಲಿ ಸತ್ತವರನ್ನು ಎಣಿಸಲೂ ಈ ಪತ್ರಿಕೆಗಳು ಆಸಕ್ತಿ ತೋರಲಿಲ್ಲ.

ತಿದ್ದಿಕೊಂಡೆವು ಎಂಬ ಮಾತನ್ನೂ ಪರಿಶೀಲಿಸೋಣ. 2004ರ ಮೇ 26ರಂದು ಟೈಮ್ಸ್ ತನ್ನ ಇರಾಕ್ ವರದಿಗಳ ಬಗ್ಗೆ ಸಂಪಾದಕರ ಟಿಪ್ಪಣಿ ಪ್ರಕಟಿಸಿತು. ಕೊಳವೆಯ ಕಥೆ ಮುಖಪುಟದಲ್ಲಿ ಬಂದಿತ್ತು, ತಪ್ಪೊಪ್ಪಿಗೆ ಬಂದದ್ದು ಹತ್ತನೇ ಪುಟದಲ್ಲಿ. ವರದಿಗಾರರ ಹೆಸರೂ ಅದರಲ್ಲಿಲ್ಲ. ಮಿಲ್ಲರ್ ಮುಂದಿನ ವರ್ಷ ಪತ್ರಿಕೆ ಬಿಟ್ಟರು, ಎಲ್ಲ ಪಾಪವೂ ಅವರೊಬ್ಬರ ತಲೆಗೆ ಕಟ್ಟಿದ್ದಾಯಿತು. ಗಾರ್ಡನ್ ಅಲ್ಲೇ ಉಳಿದರು. 2007ರ ಫೆಬ್ರುವರಿಯಲ್ಲಿ, ಇರಾಕ್‌ನಲ್ಲಿ ಅಮೆರಿಕದ ಸೈನಿಕರನ್ನು ಕೊಲ್ಲುತ್ತಿರುವ ಅತಿ ಘೋರ ಬಾಂಬ್ ಇರಾನ್‌ನಲ್ಲಿ ತಯಾರಾದದ್ದು ಎಂದು ಅವರದೇ ವರದಿ ಮುಖಪುಟಕ್ಕೆ ಬಂತು. ಮೂಲ? ಮತ್ತೆ ಹೆಸರಿಲ್ಲದ ಅಧಿಕಾರಿಗಳು. ಯುದ್ಧಕ್ಕಾಗಿ ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಕೂಗಿದ ವಿಲಿಯಂ ಕ್ರಿಸ್ಟಲ್‌ಗೆ 2008ರಲ್ಲಿ ಅದೇ ಪತ್ರಿಕೆ ಅಂಕಣ ಕೊಟ್ಟಿತು. 2020ರ ಜೂನ್‌ನಲ್ಲಿ, ಅಮೆರಿಕದ ಸೈನಿಕರನ್ನು ಕೊಂದರೆ ಹಣ ಕೊಡುವುದಾಗಿ ರಷ್ಯಾ ತಾಲಿಬಾನ್ ಕಡೆಯವರಿಗೆ ಹೇಳಿತ್ತು ಎಂಬ ಸುದ್ದಿ ಅದೇ ಬಗೆಯ ಮೂಲಗಳಿಂದ ಬಂದು ದೇಶವನ್ನೆಲ್ಲ ಕಲಕಿತು. ಮರುವರ್ಷ ಅಮೆರಿಕದ ಗುಪ್ತಚರ ಸಂಸ್ಥೆಗಳೇ ಆ ಮಾಹಿತಿಯ ಮೇಲೆ ತಮಗಿರುವ ವಿಶ್ವಾಸ ಕಡಿಮೆಯಿಂದ ಮಧ್ಯಮ ಮಟ್ಟದ್ದು ಎಂದವು. ಸೈನಿಕರನ್ನು ಅಫ್ಗಾನಿಸ್ತಾನದಿಂದ ಹಿಂದೆ ಕರೆಸುವ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿ ಆ ಸುದ್ದಿ ತನ್ನ ಕೆಲಸ ಮಾಡಿಯಾಗಿತ್ತು. ಅದೇ 2020ರ ಇಡೀ ವರ್ಷದಲ್ಲಿ ಮೂರು ದೊಡ್ಡ ವಾಹಿನಿಗಳ ರಾತ್ರಿ ಸುದ್ದಿಗಳು ಅಫ್ಗಾನಿಸ್ತಾನಕ್ಕೆ ಕೊಟ್ಟ ಸಮಯ ಒಟ್ಟು ಐದು ನಿಮಿಷ.

ಒಳ್ಳೆಯ ವರದಿಗಾರಿಕೆ ಅಲ್ಲಿ ಇಲ್ಲವೆಂದಲ್ಲ. ಪೆಂಟಗನ್ ನಿವೃತ್ತ ಸೇನಾಧಿಕಾರಿಗಳನ್ನು ತಯಾರು ಮಾಡಿ ತಟಸ್ಥ ತಜ್ಞರ ವೇಷದಲ್ಲಿ ಟಿವಿಗೆ ಕಳಿಸುತ್ತಿತ್ತು, ಅವರಲ್ಲಿ ಹಲವರಿಗೆ ಯುದ್ಧ ಗುತ್ತಿಗೆ ಕಂಪನಿಗಳ ಜೊತೆ ವ್ಯವಹಾರವಿತ್ತು ಎಂದು 2008ರಲ್ಲಿ ಬಯಲು ಮಾಡಿದ್ದು ಟೈಮ್ಸ್‌ನ ಡೇವಿಡ್ ಬಾರ್ಸ್ಟೋ. ಮರುವರ್ಷ ಅವರಿಗೆ ಪುಲಿಟ್ಜರ್ ಬಂತು. ಆ ತಜ್ಞರನ್ನು ಕೂರಿಸಿಕೊಂಡಿದ್ದ ವಾಹಿನಿಗಳು ಮಾತ್ರ ಆ ಸುದ್ದಿಯನ್ನು ತಮ್ಮ ಪ್ರೇಕ್ಷಕರಿಗೆ ಹೆಚ್ಚುಕಡಿಮೆ ತಿಳಿಸಲೇ ಇಲ್ಲ. ಬಾರ್ಸ್ಟೋ ಮತ್ತು ಪಿಂಕಸ್‌ರಂಥವರು ಅದೇ ಕಟ್ಟಡಗಳಲ್ಲಿ ಕೂತಿದ್ದರು ಎಂಬುದು ಸಂಪಾದಕರ ಹೊಣೆಯನ್ನು ಹೆಚ್ಚಿಸುತ್ತದೆ.

ಈ ವಿಷಯ ನಮಗೇಕೆ ಎಂದು ಕೇಳುವವರಿಗೆ ಕುವೈತನ್ನು ನೆನಪಿಸುತ್ತೇನೆ. 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಅಲ್ಲಿಗೆ ನುಗ್ಗಿದ ಮೇಲೆ ಸುಮಾರು 1.7 ಲಕ್ಷ ಭಾರತೀಯರನ್ನು, ಹೆಚ್ಚಿನವರನ್ನು ಜೋರ್ಡನ್‌ನ ಅಮ್ಮಾನ್ ಮೂಲಕ, ವಿಮಾನದಲ್ಲಿ ಕರೆತರಲಾಯಿತು. ಮಂಗಳೂರು, ಉಡುಪಿ, ಭಟ್ಕಳದ ಕುಟುಂಬಗಳೂ ಅವರಲ್ಲಿದ್ದವು. ಅದೇ ವರ್ಷದ ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲಿ ನಾಯಿರಾ ಎಂಬ ಹದಿನೈದರ ಹುಡುಗಿ, ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದು ಅಳುತ್ತ ಹೇಳಿದಳು. ವಾಹಿನಿಗಳು ಅದನ್ನು ಮತ್ತೆ ಮತ್ತೆ ತೋರಿಸಿದವು. ಸೆನೆಟರ್‌ಗಳು ಯುದ್ಧದ ಪರ ಮಾತನಾಡುವಾಗ ಅದನ್ನೇ ಎತ್ತಿಕೊಂಡರು. ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಪ್ರಚಾರದ ಹಿಂದೆ ಹಿಲ್ ಆಂಡ್ ನೋಲ್ಟನ್ ಎಂಬ ಸಾರ್ವಜನಿಕ ಸಂಪರ್ಕ ಕಂಪನಿ ಇತ್ತು ಎಂಬುದು ಜಾನ್ ಮ್ಯಾಕ್ಆರ್ಥರ್ 1992ರ ಜನವರಿಯಲ್ಲಿ ಬರೆದ ಮೇಲೆ ಗೊತ್ತಾಯಿತು. ಆಗ ಯುದ್ಧ ಮುಗಿದು ವರ್ಷವಾಗುತ್ತ ಬಂದಿತ್ತು. ಕುವೈತಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ನರ್ಸ್‌ಗಳಲ್ಲಿ ಕೇರಳದವರು, ನಮ್ಮ ಕರಾವಳಿಯವರು ಎಷ್ಟೋ ಮಂದಿ. ಅಮ್ಮಾನ್‌ನ ನಿರಾಶ್ರಿತರ ಶಿಬಿರಗಳಲ್ಲಿ ಕುವೈತನ್ನು ಕಣ್ಣಾರೆ ಕಂಡು ಬಂದ ಸಾವಿರಾರು ಜನ ದಿನಗಟ್ಟಲೆ ವಿಮಾನಕ್ಕೆ ಕಾಯುತ್ತಿದ್ದರು. ಅಮೆರಿಕದ ದೊಡ್ಡ ವಾಹಿನಿಗಳಿಗೆ ಇಂಥವರು ‘ಮೂಲ’ ಅಲ್ಲ. ಸೂಟು ತೊಟ್ಟ, ಹೆಸರು ಮುಚ್ಚಿಟ್ಟುಕೊಂಡ ಅಧಿಕಾರಿ ಮೂಲ.

ಕನ್ನಡ ಪತ್ರಿಕೆಗಳ ವಿದೇಶ ಪುಟಕ್ಕೆ ಸುದ್ದಿ ಬರುವುದು ರಾಯಿಟರ್ಸ್, ಎಪಿ, ಎಎಫ್‌ಪಿ, ಪಿಟಿಐನಂಥ ಏಜೆನ್ಸಿಗಳಿಂದ. ರಾತ್ರಿ ಪಾಳಿಯ ಉಪಸಂಪಾದಕ ಅದನ್ನು ಕನ್ನಡಕ್ಕೆ ತಂದು ಪುಟ ಕಟ್ಟುತ್ತಾನೆ. ವಾಷಿಂಗ್ಟನ್ ಯಾರನ್ನು ಭಯೋತ್ಪಾದಕ ಎನ್ನುತ್ತದೋ, ಯಾರ ಸಾವಿಗೆ ಕೊಂದವರ ಹೆಸರು ಹೇಳುತ್ತದೋ, ಯಾರ ಸಾವನ್ನು ಸುಮ್ಮನೆ ಸಂಭವಿಸಿದ್ದೆಂದು ಬರೆಯುತ್ತದೋ ಅದೆಲ್ಲ ಹಾಗೆಯೇ ನಮ್ಮ ಮನೆಯ ಬಾಗಿಲಿಗೆ ಬಂದು ಬೀಳುತ್ತದೆ. ಇನ್ನು ನಮ್ಮ ಟಿವಿ ವಾಹಿನಿಗಳು ಈ ಚಾಳಿಯನ್ನು ಇನ್ನೂ ಕೆಳಮಟ್ಟಕ್ಕೆ ಒಯ್ದಿವೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದ ರಾತ್ರಿ ದೇಶದ ಹಲವು ವಾಹಿನಿಗಳು ಕರಾಚಿ ಬಂದರು ನಾಶವಾಯಿತೆಂದು ಕೂಗಿದವು. ಬಂದರು ಅಲ್ಲೇ ಇತ್ತು.

ಮತ್ತೆ ಇರಾಕ್‌ಗೆ ಬರೋಣ. 2007ರ ಜುಲೈ 12ರಂದು ಬಾಗ್ದಾದ್‌ನಲ್ಲಿ ಅಮೆರಿಕದ ಹೆಲಿಕಾಪ್ಟರ್ ಗುಂಡಿನ ದಾಳಿಯಲ್ಲಿ ರಾಯಿಟರ್ಸ್‌ನ ಒಬ್ಬ ಛಾಯಾಗ್ರಾಹಕ, ಒಬ್ಬ ಚಾಲಕ ಸೇರಿ ಹಲವರು ಸತ್ತರು. ರಾಯಿಟರ್ಸ್ ಮಾಹಿತಿ ಹಕ್ಕಿನ ಕಾಯ್ದೆಯಡಿ ಅದರ ವಿಡಿಯೊ ಕೇಳಿತು, ಸಿಗಲಿಲ್ಲ. ಸೇನೆಯಲ್ಲಿ ಗುಪ್ತಚರ ವಿಶ್ಲೇಷಕಿಯಾಗಿದ್ದ ಚೆಲ್ಸಿ ಮ್ಯಾನಿಂಗ್ ಅದನ್ನು ಹೊರಗೆ ತಂದರು. 2010ರ ಏಪ್ರಿಲ್‌ನಲ್ಲಿ ವಿಕಿಲೀಕ್ಸ್ ಪ್ರಕಟಿಸಿತು. ತಮ್ಮ ಬಳಿಯಿದ್ದ ಯುದ್ಧದ ದಾಖಲೆಗಳನ್ನು ಮ್ಯಾನಿಂಗ್ ಮೊದಲು ಕೊಡಲು ಹೊರಟಿದ್ದು ವಿಕಿಲೀಕ್ಸ್‌ಗಲ್ಲ. ‘ವಾಷಿಂಗ್ಟನ್ ಪೋಸ್ಟ್’ಗೆ ಫೋನ್ ಮಾಡಿದಾಗ ಅಲ್ಲಿಯ ವರದಿಗಾರ್ತಿ ತಮ್ಮನ್ನು ಗಂಭೀರವಾಗಿ ತೆಗೆದುಕೊಂಡಂತೆ ಕಾಣಲಿಲ್ಲ, ‘ನ್ಯೂಯಾರ್ಕ್ ಟೈಮ್ಸ್’ನ ದೂರವಾಣಿಯಲ್ಲಿ ಸಂದೇಶ ಬಿಟ್ಟರೂ ಯಾರೂ ತಿರುಗಿ ಕರೆಯಲಿಲ್ಲ ಎಂದು ಅವರು 2013ರ ಫೆಬ್ರುವರಿಯಲ್ಲಿ ಸೇನಾ ನ್ಯಾಯಾಲಯದ ಮುಂದೆ ಹೇಳಿದರು. ಅದಕ್ಕೆ ಕೆಲವು ತಿಂಗಳ ಹಿಂದೆ ಮ್ಯಾನಿಂಗ್ ವಿಚಾರಣೆಯಲ್ಲಿ ಮೊದಲ ಬಾರಿ ಸಾಕ್ಷಿ ನುಡಿದಾಗ ಟೈಮ್ಸ್ ಅಲ್ಲಿಗೆ ತನ್ನ ವರದಿಗಾರರನ್ನೇ ಕಳಿಸಿರಲಿಲ್ಲ. ಅದನ್ನು ಆ ಪತ್ರಿಕೆಯ ಓದುಗರ ಪ್ರತಿನಿಧಿ ಮಾರ್ಗರೆಟ್ ಸಲ್ಲಿವನ್ ಅವರೇ ಬಹಿರಂಗವಾಗಿ ಆಕ್ಷೇಪಿಸಿದರು. ಮ್ಯಾನಿಂಗ್‌ಗೆ 35 ವರ್ಷಗಳ ಶಿಕ್ಷೆಯಾಯಿತು. ಒಬಾಮಾ ಅದನ್ನು ಕಡಿತಗೊಳಿಸಿದ್ದರಿಂದ ಏಳು ವರ್ಷ ಸೆರೆಯಲ್ಲಿದ್ದು 2017ರಲ್ಲಿ ಹೊರಬಂದರು. ಕೊಳವೆಯ ಕಥೆಯನ್ನು ಟೈಮ್ಸ್‌ಗೆ ಹೇಳಿದ ಅಧಿಕಾರಿಗಳ ಹೆಸರನ್ನು ಆ ಪತ್ರಿಕೆ ತನ್ನ ತಪ್ಪೊಪ್ಪಿಗೆಯ ಟಿಪ್ಪಣಿಯಲ್ಲೂ ಓದುಗರಿಗೆ ಹೇಳಲಿಲ್ಲ.